ಮೂರು ಗಿರಾಕಿಗಳ ಹೊತ್ತು

ಗಾಜಿನ ಬಾಗಿಲ ಮೇಲೆ ಅಂಗೈ ಗುರುತು ಇರಲಿಲ್ಲ. ಇಲ್ಲವೆಂಬುದು ಒಡೀಲ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಂಗಡಿ ತೆರೆಯುವ ಮೊದಲು, ವಿನೆಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಡಿಕೆಗಿಂತ ಒಂದು ಗೇಣು ಮೇಲಿನ ಅದೇ ಜಾಗವನ್ನು ಅವಳು ಇವತ್ತೂ ಉಜ್ಜಿದಳು. ಉಳಿದ ಗಾಜಿಗೆ ವಾರಕ್ಕೊಮ್ಮೆ ಸ್ನಾನ, ಈ ಗೇಣಗಲಕ್ಕೆ ಮಾತ್ರ ದಿನವೂ. ಒಲೆಮನೆಯಿಂದ ಬ್ರೆಡ್ಡಿನ ಬುಟ್ಟಿ ಹೊತ್ತು ಬಂದ ಗಂಡ ಅರ್ಮಾಂ, ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡವನು, ಬುಟ್ಟಿ ಇಳಿಸಿ ಒಂದು ಕ್ಷಣ ನಿಂತು ನೋಡಿದ. "ಗಾಜು ಸವೆದು ತೂತು ಬೀಳುತ್ತೆ ಕಣೇ," ಎಂದ. "ನೊಣ ಕೂತಿತ್ತು," ಎಂದಳು. ಅವನು ಮತ್ತೇನೂ ಕೇಳಲಿಲ್ಲ. ಹೋದ ವರ್ಷ ಒಮ್ಮೆ, ಒಂದೇ ಒಂದು ಸಲ, ಕೇಳಿದ್ದ. ಅವಳು ಕೊಟ್ಟ ಉತ್ತರವನ್ನು ನಂಬಿದನೋ ಬಿಟ್ಟನೋ, ಅಂದಿನಿಂದ ಮಾತಿನ ನಡುವೆ ಕೇಳದೆ ಬಿಟ್ಟ ಜಾಗವೊಂದು ಇಬ್ಬರಿಗೂ ರೂಢಿಯಾಗಿತ್ತು. ಉದ್ದ ಬ್ರೆಡ್ಡುಗಳನ್ನು ಅವಳು ಒಂದೊಂದಾಗಿ ಗೋಡೆಯ ಹಲಗೆಯಲ್ಲಿ ನಿಲ್ಲಿಸಿದಳು, ದುಂಡನೆಯವನ್ನು ಬೆನ್ನು ಮೇಲಾಗಿ ಮಲಗಿಸಿದಳು. ಮಲಗಿಸಿದ ಮೇಲೆ ಯಾವುದಾದರೂ ಮಗುಚಿಕೊಂಡಿದೆಯೇ ಎಂದು ಕೈಯಿಂದ ತಡವಿ ನೋಡಿದಳು.

ಮಗುಚಿದ ಬ್ರೆಡ್ಡು ಫ್ರೆಂಚರ ಈ ಊರಿನಲ್ಲಿ ಅಪಶಕುನ. ಗಲ್ಲಿಗೆ ಹಾಕುವವನ ಪಾಲಿನ ಬ್ರೆಡ್ಡನ್ನು ಬೇರೆಯವರು ಮುಟ್ಟಬಾರದೆಂದು ಹಿಂದಿನವರು ತಲೆಕೆಳಗು ಮಾಡಿ ಇಡುತ್ತಿದ್ದರಂತೆ. ಅತ್ತೆ ಬ್ಲಾಂಶ್ ಅಂಗಡಿಯ ಈ ಮಾರಾಟದ ಕಟ್ಟೆಯ ಹಿಂದೆ ನಲವತ್ತು ವರ್ಷ ನಿಂತು ಸೊಸೆಗೆ ಬಿಟ್ಟುಹೋದದ್ದು ಎರಡೇ ನಿಯಮ: ಬ್ರೆಡ್ಡು ಮಗುಚಬಾರದು, ಬೊಂಜೂರ್ ಎಂದು ವಂದಿಸದವನಿಗೆ ಬ್ರೆಡ್ಡು ಕೊಡಬಾರದು. "ಬಾಗಿಲು ದಾಟಿ ಬಂದೋನು ಮೊದಲು ಇಲ್ಲೊಂದು ಮನುಷ್ಯಜೀವ ಇದೆ ಅಂತ ಒಪ್ಕೋಬೇಕು ಕಣಮ್ಮ. ಆಮೇಲೆ ತಾನೆ ಬ್ರೆಡ್ಡು, ಬೆಣ್ಣೆ ಎಲ್ಲ," ಎನ್ನುತ್ತಿದ್ದಳು ಅತ್ತೆ. ಮಾತೇನೋ ನ್ಯಾಯವಾದದ್ದೇ. ಊರಿನವರು ಅಂಗಡಿಗೆ ಕಾಲಿಡುವಾಗ ಒಡೀಲ್‌ಗೊಂದು ಬೊಂಜೂರ್, ಸಾಲಿನಲ್ಲಿ ನಿಂತವರಿಗೆಲ್ಲ ಸೇರಿಸಿ ಒಂದು ಬೊಂಜೂರ್, ಹೋಗುವಾಗ ಇನ್ನೊಂದು ಶುಭ ಹೇಳಿಯೇ ಹೋಗುತ್ತಿದ್ದರು. ಹೇಳದವರು ಪ್ರವಾಸಿಗಳು. ಬೇಸಿಗೆ ಬಂತೆಂದರೆ ನದಿಯಾಚೆಯ ಬಾಡಿಗೆ ಮನೆಗಳಿಂದ, ಬಿಸಿಲಿಗೆ ಬೆಂದು ಕೆಂಪಾದ ಮೂಗುಗಳ ಇಂಗ್ಲಿಷರು ಬಂದು, ನೇರವಾಗಿ ಬ್ರೆಡ್ಡಿನತ್ತ ಬೆರಳು ಚಾಚುತ್ತಿದ್ದರು. ಒಡೀಲ್ ಕೈಕಟ್ಟಿ ನಿಂತು, ನಿಧಾನವಾಗಿ, ಒಂದೊಂದಕ್ಷರಕ್ಕೂ ಉಪ್ಪು ಹಾಕಿದಂತೆ, "ಬೊಂಜೂರ್" ಎನ್ನುವಳು. ಅವರು ತಬ್ಬಿಬ್ಬಾಗುವರು. ಮತ್ತೆ ಬೆರಳು ಚಾಚುವರು. ಮತ್ತೆ ಬೊಂಜೂರ್. ಸಾಲಿನಲ್ಲಿ ಊರವರು ಒಬ್ಬರನ್ನೊಬ್ಬರು ನೋಡಿ ಕಣ್ಣಲ್ಲೇ ನಗುವರು. ಕೊನೆಗೆ ಆ ಕೆಂಪು ಮೂಗಿನಿಂದ ಒಂದು ಮುರುಕು ಬೊಂಜೂರ್ ಉದುರಿದಾಗ ಬ್ರೆಡ್ಡು ಅವರ ಕೈಗೆ ಹೋಗುವುದು. ಇದು ಅಂಗಡಿಯ ಆಟವಾಗಿತ್ತು. ಅವಳಿಗೂ ಅದರಲ್ಲಿ ಖುಷಿಯಿತ್ತು. ಆ ಖುಷಿಯ ರುಚಿ ಈಗಲೂ ಅವಳ ನಾಲಿಗೆಯ ಬುಡದಲ್ಲಿ ಕಹಿಯಾಗಿ ಉಳಿದಿತ್ತು.

ಎಂಟು ಗಂಟೆಗೆ ನಿವೃತ್ತ ಅಂಚೆಯಾಳು ಪೂಜೋಲ್ ಬಂದ. ಊರಿನ ಸುದ್ದಿ ಹಂಚುವ ಕೆಲಸದಿಂದ ಅವನಿಗೆ ಇನ್ನೂ ನಿವೃತ್ತಿಯಾಗಿರಲಿಲ್ಲ.

"ಬೊಂಜೂರ್ ಒಡೀಲ್! ನಿನ್ನ ಇಂಗ್ಲಿಷಿನೋನು ಬಂದಿದಾನಲ್ಲ, ಗೊತ್ತಾಯ್ತಾ?"

"ಯಾವ ಇಂಗ್ಲಿಷಿನೋನು?" ಎಂದಳು. ಯಾರೆಂದು ಗೊತ್ತಿತ್ತು. ಬ್ರೆಡ್ಡಿಗೆ ಸುತ್ತಬೇಕಿದ್ದ ಕಾಗದ ಬೆರಳಿಗೇ ಸುತ್ತಿಕೊಂಡಿತು.

"ಅದೇ, ಹೋದ ವರ್ಷ ಹೆಂಡ್ತಿ ಕಳ್ಕೊಂಡೋನು. ನಿನ್ನೆ ಸಂಜೆನೇ ಬಂದನಂತೆ, ಒಬ್ಬನೇ. ಕೈಯಲ್ಲಿ ಒಂದು ಸಣ್ಣ ಪುಸ್ತಕ. ಕಂಡ ಕಂಡೋರಿಗೆಲ್ಲ ಬೊಂಜೂರ್ ಹೇಳ್ಕೊಂಡು ಓಡಾಡ್ತಿದಾನೆ. ರಸ್ತೆ ಗುಡಿಸೋನಿಗೆ ಹೇಳಿದ, ಮಾಂಸದಂಗಡಿಯೋನಿಗೆ ಹೇಳಿದ. ನಮ್ಮ ನಾಯಿಗೂ ಹೇಳ್ತಿದ್ದನೋ ಏನೋ, ಅದು ಬೊಗಳ್ತು. ಈ ಜನ ಹೀಗೇ ನೋಡು. ಕಲಿಯೋಕೆ ಇಪ್ಪತ್ತು ವರ್ಷ ಬೇಕು, ಕಲಿತ್ರೆ ನಿಲ್ಲಿಸೋದೇ ಗೊತ್ತಿಲ್ಲ." ನಕ್ಕವನು ಅವಳ ಮುಖ ಕಂಡು ದನಿ ತಗ್ಗಿಸಿದ. "ನೀನು ತಲೆಗೆ ಹಚ್ಕೋಬೇಡ ಮಾರಾಯ್ತಿ. ಅವನ ಭಾಷೆ ನಮಗೆ ಯಾರಿಗೆ ಬರ್ತಿತ್ತು? ನಾನೂ ಇಲ್ಲೇ ಇದ್ದೆನಲ್ಲ ಅವತ್ತು."

ಅವನೂ ಇದ್ದ. ಅವತ್ತು ಅವನಿಗೆ ಎರಡು ಉದ್ದ ಬ್ರೆಡ್ಡು, ಚೆನ್ನಾಗಿ ಕೆಂಪಗೆ ಬೆಂದದ್ದು. ಹುಡುಕಿ ಕೊಡಬೇಕಾಗಿತ್ತು, ಹಲಗೆಯ ಹಿಂದಿನ ಸಾಲಿನಿಂದ. ಅವನ ಮಾತು ಅವಳನ್ನು ಸಮಾಧಾನಪಡಿಸಲು ಬಂದದ್ದು. ಅದೇ ಅವಳನ್ನು ಸುಡುತ್ತಿತ್ತು. ಊರಿಗೆ ಊರೇ ಒಂದು ವರ್ಷದಿಂದ ಅವಳ ಬೆನ್ನು ಸವರುತ್ತಿತ್ತು. ಪಾಪ ಒಡೀಲ್, ಅವಳಿಗೆ ಹೇಗೆ ತಿಳಿಯಬೇಕು, ಆ ಮನುಷ್ಯನಾದರೂ ಒಂದು ಮಾತು ನಮ್ಮ ಭಾಷೆ ಕಲಿತಿರಬಾರದಿತ್ತೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಇಲ್ಲಿ ಯಾರೂ ಕಳ್ಳಿ ಎನ್ನುತ್ತಿರಲಿಲ್ಲ, ಆದರೂ ಅವಳ ಕೈ ದಿನವೂ ಹೆಗಲಿಗೇ ಹೋಗುತ್ತಿತ್ತು.

ಯಾಕೆಂದರೆ ಒಡೀಲ್‌ಗೆ ಇಂಗ್ಲಿಷ್ ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಎರಡು ವರ್ಷ ಇಂಗ್ಲೆಂಡಿನ ಉತ್ತರದ ಊರೊಂದರಲ್ಲಿ, ಹ್ಯಾಲಿವೆಲ್ ಎಂಬವರ ಮನೆಯಲ್ಲಿ, ಇಬ್ಬರು ಮಕ್ಕಳನ್ನು ನೋಡಿಕೊಂಡು ಇದ್ದವಳು. ಆ ಮನೆಯ ಊಟದ ಮೇಜಿನ ಮೇಲೆ ಬೆಣ್ಣೆಯ ತಟ್ಟೆ ಇರುತ್ತಿತ್ತು, ಯಾವಾಗಲೂ ಅವಳ ಕೈಗೆ ಎಟುಕದಷ್ಟು ದೂರದಲ್ಲಿ. "ಬೆಣ್ಣೆ ಕೊಡ್ತೀರಾ?" ಎಂದು ಕೇಳಿದರೆ ಮಿಸೆಸ್ ಹ್ಯಾಲಿವೆಲ್ ತಟ್ಟೆಯನ್ನು ಎತ್ತಿ, ಕೊಡದೆ, ಗಾಳಿಯಲ್ಲಿ ಹಿಡಿದು, ಕಿವಿಯ ಹಿಂದೆ ಇನ್ನೊಂದು ಕೈ ಇಟ್ಟು ಮುಗುಳ್ನಗುತ್ತಿದ್ದಳು. "ಪ್ಲೀಸ್" ಎಂಬ ಮಾತು ಬರುವ ತನಕ ಬೆಣ್ಣೆ ಗಾಳಿಯಲ್ಲಿಯೇ. ಮಕ್ಕಳಿಬ್ಬರೂ ಚಮಚ ಬಾಯಲ್ಲಿಟ್ಟುಕೊಂಡು ಅವಳ ಮುಖ ಕೆಂಪಾಗುವುದನ್ನು ಕಾಯುತ್ತಿದ್ದರು. ಅವಳ ಭಾಷೆಯಲ್ಲಿ ಕೇಳುವ ಧಾಟಿಯಲ್ಲೇ ಆ ಪ್ಲೀಸ್ ಇತ್ತು, ಬೇರೆ ಹೇಳಬೇಕಿರಲಿಲ್ಲ. ಅದನ್ನು ಯಾರಿಗೆ ಬಿಡಿಸಿ ಹೇಳುವುದು. ಬೆಣ್ಣೆಯಿಲ್ಲದ ಬ್ರೆಡ್ಡು ತಿನ್ನುವುದನ್ನು ಕಲಿತಳು. ಇನ್ನೊಂದನ್ನೂ ಕಲಿತಳು: ಆ ಜನ "ಸ್ವಲ್ಪ" ಎಂದರೆ ಅದು ಸ್ವಲ್ಪವಲ್ಲ. ಮಿಸೆಸ್ ಹ್ಯಾಲಿವೆಲ್‌ಳ ತಂದೆ ತೀರಿಕೊಂಡ ದಿನ ಅವಳು ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, "ಇವತ್ತು ನನಗೆ ಸ್ವಲ್ಪ ಸುಸ್ತು" ಎಂದಿದ್ದಳು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಮದುವೆಯಾಗಿ ಈ ಕಟ್ಟೆಯ ಹಿಂದೆ ಬಂದು ನಿಂತ ಮೊದಲ ಬೇಸಿಗೆಯಲ್ಲೇ ಅತ್ತೆ ಹೇಳಿದ್ದಳು, "ನಿನಗೆ ಅವರ ಭಾಷೆ ಬರುತ್ತೆ ಅಂತ ಯಾರಿಗೂ ತಿಳಿಸಬೇಡ. ತಿಳಿದ್ರೆ ದಿನವಿಡೀ ದಾರಿ ಕೇಳ್ಕೊಂಡು, ಕಕ್ಕಸು ಕೇಳ್ಕೊಂಡು ತಲೆ ತಿಂತಾರೆ." ಬಾಯಿಗೆ ಬೀಗ ಹಾಕಿದ್ದಾಯಿತು. ಗಂಡನನ್ನೂ ಅತ್ತೆಯನ್ನೂ ಬಿಟ್ಟು ಊರಲ್ಲಿ ಯಾರಿಗೂ ತಿಳಿಯಲಿಲ್ಲ. ಬಾಯಿಗೆ ಬೀಗ ಹಾಕಬಹುದು, ಕಿವಿಗೆ? ಮೂವತ್ತು ಬೇಸಿಗೆ ಅವಳೆದುರಿಗೇ, ಅವಳು ಕಿವುಡಿಯೆಂಬಂತೆ, ಅವರು ಆಡಿಕೊಂಡದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಈ ಹೆಂಗಸಿಗೆ ನಗೋದಕ್ಕೂ ತೆರಿಗೆ ಕಟ್ಟಬೇಕೇನೋ. ಮುಖ ನೋಡು, ಬ್ರೆಡ್ಡಲ್ಲ, ಕಿಡ್ನಿ ಕೇಳಿದಂಗೆ ಆಡ್ತಾಳೆ. ಫ್ರೆಂಚರು ಎಲ್ಲ ಹೀಗೇ, ಇವರ ದೇಶ ಚೆಂದ, ಇವರಿಲ್ಲದಿದ್ದರೆ. ಅವಳು ಕಲ್ಲಿನ ಮುಖ ಮಾಡಿಕೊಂಡು ಕಾಗದ ಸುತ್ತುತ್ತಿದ್ದಳು. ಅವಮಾನವೂ ಆಗುತ್ತಿತ್ತು, ಒಳಗೊಳಗೇ ಒಂದು ದೊಡ್ಡಸ್ತಿಕೆಯೂ. ನಿಮ್ಮದೆಲ್ಲ ನನಗೆ ಗೊತ್ತು, ನನ್ನದೇನೂ ನಿಮಗೆ ಗೊತ್ತಿಲ್ಲ ಎಂಬ ದೊಡ್ಡಸ್ತಿಕೆ.

ಹತ್ತು ಗಂಟೆಯ ಹೊತ್ತಿಗೆ ಆ ಇಂಗ್ಲಿಷಿನವನು ಕಂಡ. ಚರ್ಚಿನ ಮುಂದಿನ ಕಾರಂಜಿಯ ಗಿಡ್ಡ ಗೋಡೆಯ ಮೇಲೆ ಕೂತಿದ್ದ, ಅಂಗಡಿಗೆ ಎದುರಾಗಿ. ಅದೇ ಗೋಡೆ. ಅವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ, ಅಥವಾ ಒಡೀಲ್‌ಗೆ ಹಾಗೆ ಕಂಡಿತು. ಪುಸ್ತಕ ಬಿಚ್ಚಿ ತುಟಿ ಅಲ್ಲಾಡಿಸುತ್ತ, ಮುಚ್ಚಿ ಆಕಾಶ ನೋಡುತ್ತ, ಮತ್ತೆ ಬಿಚ್ಚುತ್ತ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ಹೋದ ವರ್ಷ ಇಷ್ಟು ಮುದುಕನಾಗಿರಲಿಲ್ಲ ಇವನು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಂಗಿಯ ಕೊರಳಪಟ್ಟಿ ಇಸ್ತ್ರಿಯಿಲ್ಲದೆ ಒಂದು ಕಡೆ ಮೇಲೆದ್ದಿತ್ತು. ಒಮ್ಮೆ ಎದ್ದು ಅಂಗಡಿಯ ಬಾಗಿಲ ತನಕ ಬಂದ. ಗಾಜಿನ ಆಚೆ ಅವನ ಅಂಗೈ ಮೇಲೇಳುವುದನ್ನು ಅವಳು ಕಂಡಳು, ಐದೂ ಬೆರಳು ಬಿಡಿಸಿಕೊಂಡು, ಹಿಡಿಕೆಗಿಂತ ಒಂದು ಗೇಣು ಮೇಲೆ. ಆದರೆ ಆ ಕೈ ಗಾಜನ್ನು ಮುಟ್ಟಲಿಲ್ಲ. ಒಳಗೆ ಬಹಳ ಜನರಿದ್ದುದನ್ನು ಕಂಡು ಅವನು ಹಿಂದಕ್ಕೆ ಸರಿದು, ಹೊರಗೆ ಹೋಗುತ್ತಿದ್ದ ಹೆಂಗಸಿಗೆ ಬಾಗಿಲು ಹಿಡಿದು, "ಬೊಂಜೂರ್" ಎಂದು ಹೇಳಿ ಗೋಡೆಗೆ ಮರಳಿದ. ಹೋಗಿಬಿಡಲಿ ದೇವರೇ, ಎಂದುಕೊಂಡಳು ಒಡೀಲ್. ಹೋದರೆ ಮತ್ತೆ ಯಾವತ್ತು ಬರುವನೋ ಎಂದೂ ಹೆದರಿದಳು.

ಹೋದ ವರ್ಷ ಅವತ್ತು ಆ ಕೈ ಗಾಜಿಗೆ ಬಡಿದಿತ್ತು. ಬೆವರಿನಿಂದ ಒದ್ದೆಯಾಗಿದ್ದ ಕೈ. ಹನ್ನೆರಡು ಗಂಟೆ ಹದಿನೆಂಟು ನಿಮಿಷ. ಊಟಕ್ಕೆ ಅಂಗಡಿ ಮುಚ್ಚಲು ಇನ್ನು ಹನ್ನೆರಡು ನಿಮಿಷ. ಬೆಳಗಿನ ಜಾವ ಎರಡಕ್ಕೆ ಎದ್ದ ಅರ್ಮಾಂ ಮಹಡಿಯ ಮೇಲೆ ಮಲಗಿದ್ದ. ಒಳಗೆ ಮೂರು ಜನ. ವಿಧವೆ ಮದಾಮ್ ಎಸ್ತೇವ್, ಒಬ್ಬಂಟಿ, ಇಡೀ ಬ್ರೆಡ್ಡು ಒಣಗಿ ಹೋಗುತ್ತದೆಂದು ದಿನವೂ ಅರ್ಧ ಕೊಳ್ಳುವವಳು. ಅವಳ ಹಿಂದೆ ಪೂಜೋಲ್. ಅವನ ಹಿಂದೆ ವಕೀಲರ ಹೆಂಡತಿ ಮದಾಮ್ ಲಾಬೋರಿ, ಯಾರದೋ ಹುಟ್ಟುಹಬ್ಬಕ್ಕೆ ಚೆರ್ರಿ ಕೇಕು ಹೇಳಿದ್ದವಳು. ಮೂವರನ್ನೂ ದಾಟಿಕೊಂಡು ಅವನು ನೇರ ಕಟ್ಟೆಗೆ ಬಂದ. "ಕ್ಷಮಿಸಿ, ಕ್ಷಮಿಸಿ, ತೊಂದರೆ ಕೊಡ್ತಿದೀನಿ, ನನ್ನ ಹೆಂಡತಿಗೆ ಸ್ವಲ್ಪ ಹುಷಾರಿಲ್ಲ, ಬಣ್ಣ ಒಂಥರಾ ಆಗಿದೆ, ಯಾರನ್ನಾದರೂ ಕರೆಸೋಕಾಗುತ್ತಾ, ಪ್ಲೀಸ್." ಎಲ್ಲ ಅವನ ಭಾಷೆಯಲ್ಲಿ. ಬೊಂಜೂರ್ ಇಲ್ಲ. ಪೂಜೋಲ್ ಮೀಸೆಯಡಿಯಲ್ಲಿ ಹೇಳಿದ, "ನೋಡ್ರಪ್ಪಾ, ಕ್ಯೂ ಕಂಡುಹಿಡಿದೋರೇ ಕ್ಯೂ ಮುರೀತಿದಾರೆ." ಮದಾಮ್ ಲಾಬೋರಿ ಕಿಸಕ್ಕನೆ ನಕ್ಕಳು. ಒಡೀಲ್ ಕೈಕಟ್ಟಿದಳು. "ಬೊಂಜೂರ್, ಮಸ್ಯೂ," ಎಂದಳು. ಅವನು ಮತ್ತೆ ಅದನ್ನೇ ಹೇಳಿದ, ಪ್ಲೀಸ್ ಎಂಬುದನ್ನು ಎರಡು ಸಲ. ಆ ಪ್ಲೀಸ್ ಅವಳ ಕಿವಿಗೆ ಬಿದ್ದಾಗ ಗಾಳಿಯಲ್ಲಿ ಹಿಡಿದ ಬೆಣ್ಣೆಯ ತಟ್ಟೆ ಅವಳಿಗೆ ಕಂಡಿತೇ? ಕಂಡಿತು. ಈ ಸಲ ತಟ್ಟೆ ಅವಳ ಕೈಯಲ್ಲಿತ್ತು. "ಬೊಂಜೂರ್," ಎಂದಳು, ಇನ್ನೂ ನಿಧಾನವಾಗಿ.

"ಅವರಿಗೇ ಮೊದಲು ಕೊಡಿ ಮದಾಮ್, ಏನೋ ಅವಸರ ಇರೋ ಹಾಗಿದೆ, ಪಾಪ," ಎಂದಿದ್ದಳು ಎಸ್ತೇವ್.

"ಎಲ್ಲರಿಗೂ ಒಂದೇ ನಿಯಮ ಮದಾಮ್. ನಿಮ್ಮದು ಅರ್ಧ ತಾನೆ?"

ಆಗ ಆ ಮನುಷ್ಯ ಮಾಡಿದ್ದನ್ನು ಅವಳು ಈ ಒಂದು ವರ್ಷದಲ್ಲಿ ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಅವನು ಕೂಗಲಿಲ್ಲ, ಕಟ್ಟೆಯನ್ನು ಗುದ್ದಲಿಲ್ಲ. ಈ ಊರವನಾಗಿದ್ದರೆ ಅಂಗಡಿ ಹಾರಿಹೋಗುವಂತೆ ಅರಚುತ್ತಿದ್ದ. ಅವನು ನಾಚಿಕೊಂಡ. ಎಲ್ಲರ ಮುಂದೆ ನುಗ್ಗಿ ತಪ್ಪು ಮಾಡಿದೆನೆಂದು ಕಿವಿಯವರೆಗೂ ಕೆಂಪಾಗಿ, "ಸಾರಿ, ಸಾರಿ" ಎನ್ನುತ್ತ ಹಿಂದೆ ಹಿಂದೆ ಸರಿದು, ಮದಾಮ್ ಲಾಬೋರಿಯ ಹಿಂದೆ, ಸಾಲಿನ ಕೊನೆಯಲ್ಲಿ ನಿಂತ. ನಿಂತು ತನ್ನ ಸರದಿ ಕಾದ. ಗಾಜಿನಾಚೆ ಗೋಡೆಯ ಮೇಲೆ ಅವನ ಹೆಂಡತಿ ಒಂದು ಕಡೆಗೆ ವಾಲಿಕೊಂಡಿದ್ದಳು, ಬಿಳಿ ಟೊಪ್ಪಿಗೆ ಕೆಳಗೆ ಬಿದ್ದಿತ್ತು. ಅವನು ತಿರುಗಿ ತಿರುಗಿ ಅವಳನ್ನು ನೋಡುತ್ತ, ಸಾಲು ಬಿಡದೆ ನಿಂತಿದ್ದ. ಒಡೀಲ್ ಬ್ರೆಡ್ಡನ್ನು ಕತ್ತರಿಸಿದಳು. ಕೆಂಪಗೆ ಬೆಂದ ಎರಡನ್ನು ಹುಡುಕಿದಳು. ಕೇಕನ್ನು ಪೆಟ್ಟಿಗೆಗೆ ಹಾಕಿ ರಿಬ್ಬನ್ ಕಟ್ಟಿದಳು, ಕಟ್ಟಿ, ಕತ್ತರಿಯ ಅಲಗಿನಿಂದ ರಿಬ್ಬನ್ನಿನ ತುದಿಗಳನ್ನು ಎಳೆದು ಎಳೆದು ಸುರುಳಿ ಮಾಡಿದಳು. ಒಂದು ತುದಿ ಸರಿಯಾಗಿ ಸುರುಳಿಯಾಗಲಿಲ್ಲವೆಂದು ಮತ್ತೊಮ್ಮೆ ಎಳೆದಳು. ಆ ಹೊತ್ತಿನಲ್ಲೇ ಕಿಟಕಿಯ ಮುಂದೆ ಡಾಕ್ಟರ್ ಫಾವಾರ್ ಅವರ ಬೂದು ಕಾರು ಹೋಯಿತು. ಎದುರು ಸಾಲಿನ ದವಾಖಾನೆ ಮುಚ್ಚಿ, ದಿನವೂ ಹೋಗುವಂತೆ ಪಕ್ಕದೂರಿನ ತಾಯಿಯ ಮನೆಗೆ ಊಟಕ್ಕೆ. ದಿನವೂ ಮಾಡುವಂತೆ ಅಂಗಡಿಯತ್ತ ಒಂದು ಕೈ ಎತ್ತಿದರು. ಅವಳೂ, ಕತ್ತರಿ ಹಿಡಿದ ಕೈಯನ್ನೇ, ಎತ್ತಿದಳು.

ಅಷ್ಟಾದ ಮೇಲೆ ಅವನ ಸರದಿ ಬಂದಿತ್ತು. "ಬೊಂಜೂರ್," ಎಂದ. ಅದೆಲ್ಲಿಂದ ನೆನಪಾಯಿತೋ. ತುಟಿ ಒಣಗಿತ್ತು. "ಬೊಂಜೂರ್, ಮಸ್ಯೂ. ಏನು ಬೇಕು?" ಎಂದಳು ಅವಳು. ಅವನು ಬಾಗಿಲಿನಾಚೆ ಕೈ ತೋರಿಸಿದ. ಪೂಜೋಲ್ ಅಷ್ಟರಲ್ಲಿ ಹೊರಗೆ ಹೋಗಿದ್ದವನು ಗೋಡೆಯ ಬಳಿಯಿಂದ ಕೂಗಿಕೊಂಡ. ಆಂಬುಲೆನ್ಸ್ ಬರಲು ಅರ್ಧ ಗಂಟೆ ಹಿಡಿಯಿತು, ಅಷ್ಟರಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಐರಿಸ್ ಎಂದು ಅವಳ ಹೆಸರು, ಅವನು ಅದನ್ನೇ ಕರೆಯುತ್ತಿದ್ದ. ಸಂಜೆ ಪೊಲೀಸಿನವನೊಬ್ಬ ಬಂದು ಕಾಗದದಲ್ಲಿ ಬರೆದುಕೊಳ್ಳುತ್ತ ಕೇಳಿದ, "ಅವರು ಏನು ಹೇಳಿದ್ರು ಮದಾಮ್?" "ಇಂಗ್ಲಿಷ್‌ನಲ್ಲಿ ಏನೋ ಅಂದ್ರು. ನನಗೆ ಅರ್ಥ ಆಗ್ಲಿಲ್ಲ," ಎಂದಳು. ಯೋಚಿಸಿ ಹೇಳಿದ್ದಲ್ಲ, ಮೂವತ್ತು ವರ್ಷದ ರೂಢಿ ಹೇಳಿಸಿದ್ದು. ಆಡಿದ ಮಾತು ಕಾಗದಕ್ಕೆ ಇಳಿದ ಮೇಲೆ ತೆಗೆಯುವುದು ಹೇಗೆ? ರಾತ್ರಿ ಅರ್ಮಾಂ ಕೇಳಿದ, "ನಿನಗೆ ತಿಳೀತಿತ್ತಲ್ಲವೇನೇ?" "ಗಲಾಟೆಯಲ್ಲಿ ಕೇಳಿಸ್ಲಿಲ್ಲ," ಎಂದಳು. ಅಂಗಡಿಯಲ್ಲಿ ಅವತ್ತು ಯಾವ ಗಲಾಟೆಯೂ ಇರಲಿಲ್ಲ. ಡಾಕ್ಟರ್ ಆಮೇಲೆ ಎಲ್ಲರೆದುರು ಹೇಳಿದ್ದರು, "ನಾನಿದ್ದಿದ್ರೆ ಉಳೀತಿದ್ರೋ ಏನೋ, ಹೇಳೋಕಾಗಲ್ಲ." ಹೇಳೋಕಾಗಲ್ಲ ಎಂಬ ಆ ಮಾತಿನೊಳಗೇ ಒಡೀಲ್ ಒಂದು ವರ್ಷ ವಾಸ ಮಾಡಿದ್ದಳು.

ಇವತ್ತು ಹನ್ನೆರಡು ಕಾಲಿಗೆ ಬಾಗಿಲ ಗಂಟೆ ಸದ್ದಾಯಿತು. ತಲೆಯೆತ್ತದೆಯೇ ಅವಳಿಗೆ ಗೊತ್ತಾಯಿತು. ಅವನು ಬಂದು, ಇವತ್ತೂ ಕೇಕಿಗೆಂದು ಬಂದಿದ್ದ ಮದಾಮ್ ಲಾಬೋರಿಯ ಹಿಂದೆ ನಿಂತ. ಆಮೇಲೆ ಮತ್ತೊಮ್ಮೆ ಗಂಟೆ. ಮದಾಮ್ ಎಸ್ತೇವ್, ಎಲ್ಲರಿಗೂ ಬೊಂಜೂರ್, ಒಡೀಲ್‌ಗೆ ಬೇರೆಯೇ ಒಂದು ಬೊಂಜೂರ್, ಅವನಿಗೂ ಒಂದು. ಬೆಳಗ್ಗೆ ಸಾಲದೆಂದು ಇನ್ನೊಂದು ಬ್ರೆಡ್ಡಿಗೆ ಬಂದ ಪೂಜೋಲ್ ಆಗಲೇ ತನ್ನದನ್ನು ಕಂಕುಳಲ್ಲಿ ಇಟ್ಟುಕೊಂಡವನು, ಹೋಗದೆ ಗೋಡೆಗೆ ಒರಗಿದ. ಲಾಬೋರಿ ರಿಬ್ಬನ್ ಕಟ್ಟಿದ ಕೇಕಿನ ಪೆಟ್ಟಿಗೆ ತೆಗೆದುಕೊಂಡು ಪಕ್ಕಕ್ಕೆ ಸರಿದಳು, ಅವಳೂ ಹೋಗಲಿಲ್ಲ. ಈಗ ಅವನಿಗೂ ಒಡೀಲ್‌ಗೂ ನಡುವೆ ಯಾರೂ ಇರಲಿಲ್ಲ.

"ಬೊಂಜೂರ್, ಮದಾಮ್," ಎಂದ ಅವನು.

"ಬೊಂಜೂರ್, ಮಸ್ಯೂ."

ಪುಸ್ತಕ ಬಿಚ್ಚಿದ. ಬೆರಳು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಫ್ರೆಂಚನ್ನು ಯಾವುದೋ ಶಾಲೆಯ ಪಾಠದಿಂದ ಕಲಿತಿದ್ದ, ಪಾಠದ ಹಾಗೆಯೇ ಓದಿದ.

"ನಾನು ಡೆಸ್ಮಂಡ್. ಕಳೆದ ವರ್ಷ ನಾನು ತಮ್ಮ ಅಂಗಡಿಗೆ ಬಂದಿದ್ದೆನು. ನಾನು ತಮಗೆ ವಂದಿಸಲಿಲ್ಲ. ನಾನು ಸಾಲನ್ನು ಮುರಿದೆನು. ಇಪ್ಪತ್ತೆರಡು ವರ್ಷಗಳಿಂದ ನನ್ನ ಪತ್ನಿ ಮತ್ತು ನಾನು ತಮ್ಮ ದೇಶಕ್ಕೆ ಬರುತ್ತಿದ್ದೆವು. ತಮ್ಮ ಭಾಷೆಯನ್ನು ನಾನು ಕಲಿಯಲಿಲ್ಲ. ನನ್ನ ಪತ್ನಿ ಕಲಿ ಎಂದು ಹೇಳುತ್ತಿದ್ದಳು. ಆದುದರಿಂದ ತಮಗೆ ನನ್ನ ಮಾತು ಅರ್ಥವಾಗಲಿಲ್ಲ. ನನ್ನ ಪತ್ನಿ ನನ್ನ ಸೋಮಾರಿತನದಿಂದ ಸತ್ತಳು." ಇಲ್ಲಿ ಅವನ ಬೆರಳು ನಿಂತಿತು, ಮುಂದಿನ ಸಾಲನ್ನು ಹುಡುಕಿಕೊಂಡಿತು. "ತಾವು ಈ ದುಃಖವನ್ನು ಹೊರಬೇಕಾಯಿತು. ತಪ್ಪು ನನ್ನದು. ನಾನು ತಮ್ಮ ಕ್ಷಮೆಯನ್ನು ಬೇಡುತ್ತೇನೆ."

ಮದಾಮ್ ಲಾಬೋರಿ ಕರವಸ್ತ್ರ ಹುಡುಕಿದಳು. ಪೂಜೋಲ್, "ಎಂಥ ಮನುಷ್ಯ, ಎಂಥ ಮನುಷ್ಯ," ಎಂದ. ಈಗ ಎಲ್ಲರೂ ಒಡೀಲ್‌ಳತ್ತ ನೋಡಿದರು. ಒಂದು ಮಾತು ಸಾಕಿತ್ತು. ಇರಲಿ ಬಿಡಿ ಮಸ್ಯೂ. ಅಷ್ಟು ಅಂದರೆ ಅವನು ಹಗುರಾಗಿ ಹೋಗುವನು, ಊರು ಅವಳ ಬೆನ್ನನ್ನು ಇನ್ನಷ್ಟು ಸವರುವುದು, ನಾಳೆ ಗಾಜು ಒರೆಸದಿದ್ದರೂ ನಡೆಯುವುದು. ಹಗುರಾಗಿ ಹೋಗುವನೇ? ತನ್ನಿಂದಲೇ ಹೆಂಡತಿ ಸತ್ತಳೆಂದು ಪುಸ್ತಕದಲ್ಲಿ ಬರೆದುಕೊಂಡವನು. ಒಂದು ವರ್ಷ ಕೂತು ಆ ವಾಕ್ಯಕ್ಕೆ ವ್ಯಾಕರಣ ಕಲಿತವನು.

"ಇರಲಿ," ಎಂದಳು. "ಇರಲಿ ಬಿಡಿ, ಮಸ್ಯೂ."

ಅವನು ತಲೆಬಾಗಿದ. ಪುಸ್ತಕ ಮುಚ್ಚಿದ. ಮುಚ್ಚಿದ ಮೇಲೆ, ಪುಸ್ತಕದಲ್ಲಿಲ್ಲದ ಮಾತೊಂದನ್ನು, ತಡವರಿಸಿ, ತಾನೇ ಕಟ್ಟಿ ಹೇಳಿದ: "ನಿಮಗೆ ಅರ್ಥ ಆಗಿತ್ತು ಅಂದ್ರೆ, ನೀವು ಬರ್ತಿದ್ರಿ. ಓಡಿ. ನನಗೆ ಗೊತ್ತು." ಹೇಳಿ, ಅವಳನ್ನು ಸಂತೈಸುವಂತೆ ನಕ್ಕ.

ಅವಳಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದಾಗ ಬಂದದ್ದು ಇಂಗ್ಲಿಷು. ಮೂವತ್ತು ವರ್ಷ ಮುಚ್ಚಿಟ್ಟದ್ದು, ಹ್ಯಾಲಿವೆಲ್‌ರ ಅಡಿಗೆಮನೆಯ ಉಚ್ಚಾರದ ಸಮೇತ, ಒಂದಿಷ್ಟೂ ತುಕ್ಕು ಹಿಡಿಯದೆ ಬಂತು.

"ಅರ್ಥ ಆಗಿತ್ತು," ಎಂದಳು. "ನೀವು ಅಂದಿದ್ದೆಲ್ಲ ಅವತ್ತೇ ಅರ್ಥ ಆಗಿತ್ತು."

ಅವನ ನಗು ಹಾಗೆಯೇ ನಿಂತಿತ್ತು, ಎತ್ತಿಡಲು ಮರೆತ ಪಾತ್ರೆಯಂತೆ. ಲಾಬೋರಿಯ ಕರವಸ್ತ್ರ ಕಣ್ಣಿನಿಂದ ಇಳಿಯಿತು. ಅವರಾರಿಗೂ ಮಾತಿನ ಅರ್ಥ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಅವಳ ಬಾಯಲ್ಲಿ ಆ ಭಾಷೆ ನೀರಿನಂತೆ ಹರಿಯುತ್ತಿದ್ದುದನ್ನು ಕೇಳಿದರೆ ಸಾಕಿತ್ತು.

"ನಾನು ಏನಂದಿದ್ದೆ?" ಎಂದ ಅವನು, ತನ್ನ ಭಾಷೆಯಲ್ಲಿ, ಬಹಳ ಮೆಲ್ಲಗೆ. "ನನಗೆ ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಬರಲ್ಲ."

"ಕ್ಷಮಿಸಿ, ತೊಂದರೆ ಕೊಡ್ತಿದೀನಿ ಅಂದ್ರಿ. ನನ್ನ ಹೆಂಡತಿಗೆ ಸ್ವಲ್ಪ ಹುಷಾರಿಲ್ಲ, ಬಣ್ಣ ಒಂಥರಾ ಆಗಿದೆ, ಯಾರನ್ನಾದರೂ ಕರೆಸೋಕಾಗುತ್ತಾ ಅಂದ್ರಿ. ಪ್ಲೀಸ್ ಅಂದ್ರಿ. ಒಟ್ಟು ಮೂರು ಸಲ."

"ಸ್ವಲ್ಪ ಅಂದೆನಾ?" ಎಂದ ಅವನು. "ನಾನು ಸರಿಯಾಗಿ ಹೇಳಿರಲಿಲ್ಲ ಹಾಗಾದ್ರೆ. ಸ್ವಲ್ಪ ಅಂದ್ರೆ ನಿಮಗೆ ಹೇಗೆ..."

"ಇಲ್ಲ." ಅವನು ಈಗಲೂ ತಪ್ಪನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತಿರುವುದನ್ನು ನೋಡಲಾಗದೆ ಅವಳು ಕಟ್ಟೆಯ ಅಂಚನ್ನು ಹಿಡಿದುಕೊಂಡಳು. "ನಿಮ್ಮೋರ ಬಾಯಲ್ಲಿ ಸ್ವಲ್ಪ ಅಂದ್ರೆ ಎಷ್ಟು ಅಂತ ನನಗೆ ಗೊತ್ತಿತ್ತು. ನಿಮ್ಮ ದೇಶದಲ್ಲಿ ಎರಡು ವರ್ಷ ಇದ್ದೆ. ಗೊತ್ತಿದ್ದೂ ನಿಮ್ಮನ್ನ ಕಾಯಿಸಿದೆ. ಒಂದು ಅರ್ಧ ಬ್ರೆಡ್ಡು. ಎರಡು ಬ್ರೆಡ್ಡು, ಕೆಂಪಗೆ ಬೆಂದದ್ದು. ಒಂದು ಕೇಕು, ಅದಕ್ಕೆ ರಿಬ್ಬನ್ ಕಟ್ಟಿದೆ, ಸುರುಳಿ ಮಾಡಿದೆ, ಚೆಂದ ಬರಲಿಲ್ಲ ಅಂತ ಇನ್ನೊಂದ್ಸಲ ಮಾಡಿದೆ. ಮಾಡೋವಾಗ ಡಾಕ್ಟರ ಕಾರು ಇದೇ ಕಿಟಕಿ ಮುಂದೆ ಹೋಯ್ತು. ನಾನು ಕೈ ಬೀಸಿದೆ. ನೀವು ಸೋಮಾರಿ ಅಲ್ಲ. ನೀವು ಹೇಳಬೇಕಾದ್ದೆಲ್ಲ ಹೇಳಿದ್ರಿ."

ಯಾಕೆ ಎಂದು ಅವನು ಕೇಳುವನೆಂದುಕೊಂಡಳು. ಬೆಣ್ಣೆಯ ತಟ್ಟೆಯ ವಿಷಯ ಹೇಳಬೇಕಾಗಿ ಬಂದರೆ ಹೇಗೆ ಹೇಳುವುದು, ಒಂದು ಹೆಣದ ಮುಂದೆ ಬೆಣ್ಣೆಯನ್ನು ಹೇಗೆ ಇಡುವುದು ಎಂದು ನಾಚಿಕೆಯಿಂದ ಕಾದಳು. ಅವನು ಕೇಳಲಿಲ್ಲ. ಬಾಗಿಲಾಚೆಯ ಗೋಡೆಯನ್ನು ಸುಮ್ಮನೆ ನೋಡಿದ. ಅವನ ಹೆಗಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಭಾರ ಇಳಿಯಿತೋ ಹೊಸದೊಂದು ಏರಿತೋ ಅವಳಿಗೆ ತಿಳಿಯಲಿಲ್ಲ. ಪುಸ್ತಕವನ್ನು ಕಟ್ಟೆಯ ಮೇಲೆ, ಬ್ರೆಡ್ಡಿನ ಚೂರುಗಳ ನಡುವೆ, ಇಟ್ಟ. ಆಮೇಲೆ ಹಿಂದೆ ನಿಂತಿದ್ದ ಮದಾಮ್ ಎಸ್ತೇವ್‌ಳ ಕಡೆಗೆ ತಿರುಗಿ, ಇಷ್ಟು ಹೊತ್ತು ಸಾಲನ್ನು ನಿಲ್ಲಿಸಿದ್ದಕ್ಕೆ, "ಸಾರಿ," ಎಂದ. ಒಡೀಲ್‌ಗೆ ಏನನ್ನೂ ಹೇಳಲಿಲ್ಲ. ಬಾಗಿಲು ತೆಗೆದು ಹೋದ. ಗಂಟೆ ಸದ್ದು ಮಾಡಿ ಸುಮ್ಮನಾಯಿತು.

ಪೂಜೋಲ್ ಕಂಕುಳಿನ ಬ್ರೆಡ್ಡನ್ನು ಸರಿಮಾಡಿಕೊಂಡ. "ನಿನಗೆ ಬರುತ್ತೆ," ಎಂದ. ಪ್ರಶ್ನೆಯಾಗಿರಲಿಲ್ಲ ಅದು. ಅವಳು ತಲೆಯಾಡಿಸಿದಳು. ಅವನು ಇನ್ನೇನೋ ಹೇಳಲು ಹೋಗಿ, ಅವತ್ತು ತಾನಾಡಿದ ಕ್ಯೂವಿನ ತಮಾಷೆ ನೆನಪಾಯಿತೋ ಏನೋ, ಬಾಯಿ ಮುಚ್ಚಿ ಹೊರನಡೆದ. ಅವನ ಹಿಂದೆ ಲಾಬೋರಿ, ಪೆಟ್ಟಿಗೆಯ ರಿಬ್ಬನ್ನನ್ನು ಬೆರಳಿನಿಂದ ದೂರ ಹಿಡಿದುಕೊಂಡು. ಒಲೆಮನೆಯ ಬಾಗಿಲಲ್ಲಿ ಅರ್ಮಾಂ ನಿಂತಿದ್ದ, ನಿದ್ದೆಯಿಂದ ಎದ್ದು ಬಂದವನು, ಯಾವಾಗಿನಿಂದ ನಿಂತಿದ್ದನೋ. ಅವನು ಅವಳನ್ನು ನೋಡಿ ಬಾಗಿಲ ಚೌಕಟ್ಟಿಗೆ ಒರಗಿದ.

ಉಳಿದವಳು ಮದಾಮ್ ಎಸ್ತೇವ್. ಹದಿನೇಳು ವರ್ಷದಿಂದ ದಿನವೂ ಬಂದವಳು, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೂ ದಾರಿ ಬಿಡುವವಳು. ತನ್ನ ಸರದಿ ಬಂದಾಗ ಆಕೆ ದಿನವೂ ಮತ್ತೊಮ್ಮೆ, ಹೊಸದಾಗಿ, ಬೊಂಜೂರ್ ಒಡೀಲ್ ಎನ್ನುತ್ತಿದ್ದಳು. ಒಡೀಲ್ ಅದಕ್ಕಾಗಿ ಕಾದಳು. ಕೈಕಟ್ಟದೆ, ಎರಡೂ ಕೈಗಳನ್ನು ಕಟ್ಟೆಯ ಮೇಲಿಟ್ಟು, ಅಷ್ಟೊಂದು ಆಸೆಯಿಂದ ಆ ಮಾತಿಗೆ ಅವಳು ಯಾವತ್ತೂ ಕಾದಿರಲಿಲ್ಲ.

ಮದಾಮ್ ಎಸ್ತೇವ್ ಹಲಗೆಯ ಮೇಲಿನ ಬ್ರೆಡ್ಡಿನತ್ತ ಬೆರಳು ಚಾಚಿದಳು.

"ಅರ್ಧ," ಎಂದಳು.

ಒಡೀಲ್ ಬ್ರೆಡ್ಡನ್ನು ಇಳಿಸಿ, ಕತ್ತರಿಸಿ, ಕಾಗದ ಸುತ್ತಿ ಕೊಟ್ಟಳು.